ನೀರು ಇಳಿದ ಮರುದಿನ ಶಟರ್ ಏರಬೇಕು

ಗೋಕಾಕದಲ್ಲಿ ಆಕಾಶ ನೋಡಿ ಪ್ರವಾಹದ ಅಂದಾಜು ಹಾಕೋಕೆ ಬರುವುದಿಲ್ಲ. ಇಲ್ಲಿ ಬಿಸಿಲು ಬಿದ್ದಿರುತ್ತದೆ, ಸಂತೆ ನಡೆದಿರುತ್ತದೆ, ಘಟಪ್ರಭೆ ನದಿ ಮಾತ್ರ ಏರುತ್ತಿರುತ್ತದೆ. ನೀರು ಬರುವುದು ಘಟ್ಟದಿಂದ. ಘಟಪ್ರಭೆಗೆ ಹಿಡಕಲ್ ಡ್ಯಾಂ ಇದೆ, 51 ಟಿಎಂಸಿ ಹಿಡಿಯುತ್ತದೆ. ಆದರೆ ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಆ ಡ್ಯಾಮಿಗೆ ಬರುವುದೇ ಇಲ್ಲ, ಕೆಳಗಡೆ ಬಂದು ಸೇರುತ್ತದೆ. ಬಳ್ಳಾರಿ ನಾಲೆ ಅನ್ನುವ ಹಳ್ಳದ ನೀರು ಬೇರೆ. ಬೆಳಗಾವಿ ಕಡೆಯಿಂದ ಬರುವ ಮಾರ್ಕಂಡೇಯ ನಮ್ಮೂರ ಹತ್ತಿರವೇ ಕೂಡುತ್ತದೆ. ಇವೆಲ್ಲ ಒಂದೇ ಹೊತ್ತಿಗೆ ತುಂಬಿ ಬಂದರೆ ಏನಾಗುತ್ತದೆ ಅಂತ 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯಲ್ಲಿ, ಊರು ಕಣ್ಣಾರೆ ನೋಡಿತು. 2021ರ ಜುಲೈನಲ್ಲಿ ಮತ್ತೆ ನೀರು ಬಂತು. 2024ರಲ್ಲೂ ಘಟಪ್ರಭೆಯ ಮೇಲಿನ ಲೋಳಸೂರ ಸೇತುವೆ ಮುಳುಗಿತು.

ನಾನು ಇಲ್ಲಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಮ್ಯಾನೇಜರ್. ಸಣ್ಣ ಸಂಘ. ಕಿರಾಣಿ ಅಂಗಡಿಯವರು, ತರಕಾರಿ ಮಾರುವವರು, ಮಿಲ್ಲಿನ ಕೂಲಿಯವರು, ಒಂದೆರಡು ಎಕರೆ ಕಬ್ಬು ಇರುವ ರೈತರು ನಮ್ಮ ಸದಸ್ಯರು. ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ, ಬಂಗಾರದ ಮೇಲೆ ಸಾಲ, ಠೇವಣಿ, ಇಷ್ಟೇ ವ್ಯವಹಾರ. ಇಂಥ ಸಂಸ್ಥೆ ಪ್ರವಾಹಕ್ಕೆ ತಯಾರಾಗುವುದು ಹೇಗೆ ಅಂತ ಕೆಲವು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದೇನೆ. ಬೇರೆ ಸಂಘಗಳ, ಶಾಲೆಗಳ, ಕಾರ್ಖಾನೆಗಳ ವಿಪತ್ತು ಯೋಜನೆಗಳನ್ನು ತರಿಸಿಕೊಂಡು ಓದಿದ್ದೇನೆ. ಜಾಸ್ತಿ ಭಾಗ ಒಂದೇ ರೀತಿ ಇರುತ್ತವೆ. ಮೊದಲ ಪುಟದಲ್ಲಿ ಭೂಕಂಪ, ಬೆಂಕಿ, ಪ್ರವಾಹ ಅಂತ ವಿಪತ್ತುಗಳ ಪಟ್ಟಿ. ಕೊನೆಯ ಪುಟದಲ್ಲಿ ಫೋನ್ ನಂಬರುಗಳು. ನಡುವೆ ಸಮಿತಿಗಳ ಹೆಸರು.

ನನಗೆ ಅನ್ನಿಸಿದ್ದು ಬೇರೆ. ಯೋಜನೆಯನ್ನು ಹಿಂದಿನಿಂದ ಬರೆಯಬೇಕು. ನೀರು ಇಳಿದ ಮರುದಿನ ಬೆಳಿಗ್ಗೆ ನಮ್ಮ ಕೌಂಟರಿನ ಮುಂದೆ ಯಾರು ಬಂದು ನಿಲ್ಲುತ್ತಾರೆ, ಏನು ಕೇಳುತ್ತಾರೆ? ಮೊದಲು ಅದನ್ನು ಬರೆಯಬೇಕು. ಆಮೇಲೆ ಆ ಬೆಳಿಗ್ಗೆ ಅದನ್ನು ಕೊಡಬೇಕಾದರೆ ಇವತ್ತು ಏನು ಮಾಡಿಡಬೇಕು ಅಂತ ಒಂದೊಂದಾಗಿ ಹಿಂದಕ್ಕೆ ಬರಬೇಕು.

ಅವರು ಕೇಳುವುದು ಬಹಳ ಏನಲ್ಲ. ಮೊದಲನೆಯದು ರೊಕ್ಕ. ಕರೆಂಟ್ ಇರುವುದಿಲ್ಲ, ಎಟಿಎಂ ನಡೆಯುವುದಿಲ್ಲ. ಮನೆ ತೊಳೆಯಬೇಕು, ಗ್ಯಾಸ್ ಒಲೆ ರಿಪೇರಿ ಆಗಬೇಕು, ಮಕ್ಕಳಿಗೆ ಬಟ್ಟೆ ಬೇಕು. ತನ್ನದೇ ದುಡ್ಡಿನಲ್ಲಿ ಎರಡು ಸಾವಿರ ಸಿಕ್ಕರೂ ಆ ದಿನ ದೊಡ್ಡದು. ಎರಡನೆಯದು ಕಾಗದ. 2019ರಲ್ಲಿ ಸರ್ಕಾರ ನೆರೆ ಸಂತ್ರಸ್ತ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ ಕೊಟ್ಟಿತು. ಅಂಥದ್ದಕ್ಕೆಲ್ಲ ಖಾತೆ ನಂಬರು, ಆಧಾರ್ ಬೇಕು. ಪಾಸ್‌ಬುಕ್ ನೀರಿನಲ್ಲಿ ಹೋದವರು ನಮ್ಮ ಫೈಲಿನಲ್ಲಿರುವ ಝೆರಾಕ್ಸ್ ಕೇಳಿಕೊಂಡು ಬರುತ್ತಾರೆ. ಮೂರನೆಯದು ಬಂಗಾರ.

ಬಂಗಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಯಾವ ಯೋಜನೆಯಲ್ಲೂ ನನಗೆ ಕಾಣಲಿಲ್ಲ.

ಒಮ್ಮೆ ನೆರೆ ಬಂದಾಗ ನಮ್ಮ ತಿಜೋರಿಯ ಕೆಳಗಿನ ಖಾನೆಗೆ ನೀರು ಹೋಗಿತ್ತು. ಬಂಗಾರಕ್ಕೆ ನೀರಿನಿಂದ ಏನೂ ಆಗುವುದಿಲ್ಲ. ಆದರೆ ಪ್ರತಿ ಅಡವಿನ ವಸ್ತುವೂ ಒಂದು ಸಣ್ಣ ಬಟ್ಟೆಯ ಚೀಲದಲ್ಲಿ ಇರುತ್ತದೆ, ಅದಕ್ಕೆ ಒಂದು ಕಾಗದದ ಚೀಟಿ. ಚೀಟಿಯ ಮೇಲೆ ಸಾಲದ ನಂಬರು, ತೂಕ, ಹೆಸರು. ಜೆಲ್ ಪೆನ್ನಿನಲ್ಲಿ ಬರೆದದ್ದು ಪೂರ್ತಿ ತೊಳೆದುಹೋಗಿತ್ತು. ಸ್ಟ್ಯಾಂಪ್ ಪ್ಯಾಡಿನ ಶಾಯಿ ನೀಲಿ ಕಲೆಯಾಗಿ ಪಕ್ಕದ ಚೀಲಕ್ಕೂ ಹತ್ತಿತ್ತು. ಪೆನ್ಸಿಲ್ಲಿನಲ್ಲಿ ಬರೆದ ಒಂದೆರಡು ಚೀಟಿ ಮಾತ್ರ ನಿನ್ನೆ ಬರೆದ ಹಾಗೆ ಸ್ವಚ್ಛವಾಗಿ ಓದಲು ಬರುತ್ತಿದ್ದವು. ಒಬ್ಬ ತಾಯಿ ಕೌಂಟರಿಗೆ ಬಂದು ಕೇಳಿದರು, "ಅಕ್ಕಾರ, ನನ್ನ ಬೋರಮಾಳ ಯಾವುದು ಅಂತ ನಾ ಕಣ್ಣ ಮುಚ್ಚಿ ಹೇಳ್ತೀನಿ. ಖರೆ ನಿಮಗ ಹೆಂಗ ಗೊತ್ತಾಕ್ಕೈತಿ?" ಸರಿಯಾದ ಪ್ರಶ್ನೆ ಅಲ್ವಾ? ಪತ್ತಾರರನ್ನು (ಅಕ್ಕಸಾಲಿಗರನ್ನು) ಕೂರಿಸಿಕೊಂಡು ಒಂದೊಂದೇ ವಸ್ತು ತೂಗಿ, ಅಡವಿನ ರಜಿಸ್ಟರಿನ ತೂಕದ ಜೊತೆ ತಾಳೆ ನೋಡಿ, ಎಲ್ಲವನ್ನೂ ಅವರವರ ಹೆಸರಿಗೆ ಹೊಂದಿಸಿದೆವು. ರಜಿಸ್ಟರು ಮೇಲಿನ ಅಟ್ಟದ ಮೇಲೆ ಇತ್ತು ಅನ್ನುವುದೇ ಪುಣ್ಯ.

ಈಗ ಪ್ರತಿ ಚೀಲದೊಳಗೆ ನಂಬರು ಕೊರೆದ ಅಲ್ಯೂಮಿನಿಯಂ ಬಿಲ್ಲೆ ಹಾಕುತ್ತೇವೆ. ಸಾಲ ಕೊಡುವಾಗ ಆ ಬಿಲ್ಲೆಯನ್ನು ವಸ್ತುವಿನ ಪಕ್ಕ ಇಟ್ಟು ಫೋಟೋ ತೆಗೆಯುತ್ತೇವೆ. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯುತ್ತೇವೆ. ಖರ್ಚು ಏನೂ ಇಲ್ಲ ಅಂದರೂ ನಡೆಯುತ್ತದೆ. ನದಿ ದಂಡೆಯ ಯಾವುದೇ ಸಂಘದವರು ಇದನ್ನು ಓದುತ್ತಿದ್ದರೆ, ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಈ ವಾರವೇ ಮಾಡಿ.

ನೆನೆದ ರಜಿಸ್ಟರಿನ ವಿಷಯವೂ ಇದೆ. ಎಲ್ಲರೂ ಮೊದಲು ಮಾಡುವ ಕೆಲಸ ಅಂದರೆ ಅದನ್ನು ತೆರೆದು ಪುಟ ಬಿಡಿಸಲು ನೋಡುವುದು. ಹಾಗೆ ಮಾಡಿದರೆ ಹಾಳೆ ಹರಿಯುತ್ತದೆ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ ನೀರು ಬಸಿಯಲು ಬಿಡಬೇಕು, ಫ್ಯಾನಿನ ಗಾಳಿ ಕೊಡಬೇಕು, ಸ್ವಲ್ಪ ಒಣಗಿದ ಮೇಲೆ ನಡುನಡುವೆ ಬಿಳಿ ಕಾಗದ ಇಡಬೇಕು. ಎರಡು ದಿನ ದಾಟಿದರೆ ಬೂಸು ಹಿಡಿಯಲು ಶುರುವಾಗುತ್ತದೆ. ಅಷ್ಟರೊಳಗೆ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡೀಪ್ ಫ್ರೀಜರಿನಲ್ಲಿ ಇಡಬಹುದು. ಹಳೇ ಗ್ರಂಥ ಕಾಪಾಡುವವರು ಮಾಡುವುದೂ ಇದನ್ನೇ. ಹೆಪ್ಪುಗಟ್ಟಿದ ಪುಸ್ತಕ ಕೆಡದೆ ಹಾಗೇ ಇರುತ್ತದೆ, ಆಮೇಲೆ ಸಾವಕಾಶ ಒಣಗಿಸಬಹುದು. ನಮ್ಮ ಸದಸ್ಯರಲ್ಲಿ ಒಬ್ಬರಿಗೆ ಎತ್ತರದ ಜಾಗದಲ್ಲಿ ಐಸ್‌ಕ್ರೀಂ ಅಂಗಡಿ ಇದೆ, ಜನರೇಟರೂ ಇದೆ. ಅವರ ಫ್ರೀಜರಿನಲ್ಲಿ ನಮ್ಮ ಶೇರು ಲೆಡ್ಜರಿಗೆ ಜಾಗ ಕೇಳಿ ಇಟ್ಟಿದ್ದೇನೆ. ಅವರು ತಕ್ಷಣ ಹೂಂ ಅಂದರು.

ಇನ್ನು ಕೀಲಿ. ತಿಜೋರಿಗೆ ಎರಡು ಕೀಲಿ, ಇಬ್ಬರ ಹತ್ತಿರ. ಒಬ್ಬರೇ ತೆರೆಯಬಾರದು ಅನ್ನುವ ಒಳ್ಳೆಯ ನಿಯಮ ಅದು. ಆದರೆ ಲೋಳಸೂರ ಸೇತುವೆ ಮುಳುಗಿದರೆ ಆ ದಿಕ್ಕಿನ ರಸ್ತೆಯೇ ಕಟ್ಟು. ಒಂದು ಕೀಲಿ ಈಚೆ, ಇನ್ನೊಂದು ಆಚೆ ಉಳಿದರೆ ತಿಜೋರಿ ಇದ್ದೂ ಇಲ್ಲದ ಹಾಗೆ. ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಎರಡೂ ಕೀಲಿ ಹೊಳೆಯ ಒಂದೇ ಬದಿಯಲ್ಲಿ, ಎತ್ತರದ ಓಣಿಯಲ್ಲಿ ಮನೆ ಇರುವವರ ಹತ್ತಿರ ಇರಬೇಕು ಅಂತ ಸಭೆಯಲ್ಲಿ ಠರಾವು (ನಿರ್ಣಯ) ಮಾಡಿದ್ದೇವೆ.

ಠರಾವು ಅನ್ನುವುದು ಸುಮ್ನೆ ಕಾಗದದ ಕೆಲಸ ಅಂತ ಕೆಲವರು ತಿಳಿದಿದ್ದಾರೆ. ಸಹಕಾರಿ ಸಂಸ್ಥೆಯಲ್ಲಿ ಅದೇ ಜೀವ. ನೀರು ಏರುವ ರಾತ್ರಿ ಆಡಳಿತ ಮಂಡಳಿಯ ಸಭೆ ಕರೆಯಲು ಆಗುವುದಿಲ್ಲ. ಅಧ್ಯಕ್ಷರ ಫೋನ್ ಹತ್ತುವುದಿಲ್ಲ, ಟವರಿನ ಬ್ಯಾಟರಿ ಮುಗಿದಿರುತ್ತದೆ. ಆ ಹೊತ್ತಿನಲ್ಲಿ "ನಗದು ಎತ್ತಿ ಬೇರೆ ಕಡೆ ಸಾಗಿಸಿ" ಅಂತ ಹೇಳುವ ಅಧಿಕಾರ ಯಾರಿಗಿದೆ? ಅವರು ಇಲ್ಲದಿದ್ದರೆ ಯಾರಿಗೆ? ಅವರೂ ಸಿಗದಿದ್ದರೆ? ಇದನ್ನು ಮೊದಲೇ ಬರೆದು ಸಹಿ ಮಾಡಿಸಿಟ್ಟರೆ, ಆ ರಾತ್ರಿ ಕೆಳಗಿನ ನೌಕರ ಕೂಡ ಹೆದರದೆ ಕೆಲಸ ಮಾಡುತ್ತಾನೆ. ಬರೆಯದಿದ್ದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುತ್ತಾರೆ. ಅಧಿಕಾರ ಕೊಡದೆ ಜವಾಬ್ದಾರಿ ಮಾತ್ರ ಹೊರಿಸುವುದು ನನ್ನ ಪ್ರಕಾರ ಅನ್ಯಾಯ.

ಯಾವಾಗ ಎತ್ತಬೇಕು ಅನ್ನುವುದನ್ನೂ ಬರೆದಿದ್ದೇವೆ. ಸೇತುವೆ ಬಂದ್ ಆಗುವವರೆಗೆ ಕಾಯುವಂತಿಲ್ಲ. ಹಿಡಕಲ್ ತುಂಬುತ್ತಾ ಬಂದು, ಹೊರಹರಿವು ಹೆಚ್ಚಿಸುತ್ತೇವೆ ಅಂತ ಪ್ರಕಟಣೆ ಬಂದ ದಿನವೇ ಕೆಳಗಿನ ಖಾನೆ ಖಾಲಿ, ಕಂಪ್ಯೂಟರ್ ಮೇಲಕ್ಕೆ. ಮೊದಮೊದಲು ನಮ್ಮ ಹುಡುಗರಿಗೆ ಕ್ಯೂಸೆಕ್ಸ್ ಲೆಕ್ಕ ತಲೆಗೆ ಹೋಗುತ್ತಿರಲಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 50,000 ಕ್ಯೂಸೆಕ್ಸ್ ಅಂದರೆ ಸೆಕೆಂಡಿಗೆ 14 ಲಕ್ಷ ಲೀಟರ್. ಬೋರ್ಡಿನ ಮೇಲೆ ಹೀಗೆ ಬರೆದು ತೋರಿಸಿದ ಮೇಲೆ ಪೇಪರಿನಲ್ಲಿ ಒಳಹರಿವು, ಹೊರಹರಿವು ಅನ್ನುವ ಸಾಲನ್ನು ಅವರೇ ಹುಡುಕಿ ಓದುತ್ತಾರೆ. ಹಿರಣ್ಯಕೇಶಿ, ಮಾರ್ಕಂಡೇಯದ ಸುದ್ದಿಯನ್ನೂ ಅದರ ಜೊತೆ ನೋಡಬೇಕು, ಡ್ಯಾಮಿನ ಅಂಕಿ ಒಂದೇ ಸಾಲದು. ಸಂಶಯ ಬಂದರೆ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್.

ವಿಮೆಯ ಬಗ್ಗೆ ಒಂದೇ ಮಾತು. ನಿಮ್ಮ ಫೈರ್ ಪಾಲಿಸಿ ತೆಗೆದು ಪ್ರವಾಹದ ರಕ್ಷಣೆ ಅದರಲ್ಲಿ ಉಳಿದಿದೆಯೋ, ಕಂತು ಕಡಿಮೆ ಆಗಲಿ ಅಂತ ಯಾರಾದರೂ ತೆಗೆಸಿದ್ದಾರೋ ನೋಡಿಕೊಳ್ಳಿ. ಕೆಸರು ತೊಳೆಯುವ ಮುಂಚೆ ಫೋಟೋ ತೆಗೆಯಿರಿ.

ಗಾಳಿಸುದ್ದಿಯದ್ದು ದೊಡ್ಡ ಕಥೆ. ನೆರೆ ಬಂದಾಗ ವಾಟ್ಸಾಪಿನಲ್ಲಿ ಡ್ಯಾಂ ಒಡೆಯಿತಂತೆ ಅನ್ನುವ ಸುದ್ದಿ ಓಡಾಡುತ್ತದೆ. ಅದರ ಹಿಂದೆಯೇ "ಸಂಘದ ರೊಕ್ಕ ಹೊಳ್ಯಾಗ ಹೋತಂತ" ಅನ್ನುವುದು. ಇದು ನೀರಿಗಿಂತ ಅಪಾಯ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ನಮ್ಮಂಥ ಪತ್ತಿನ ಸಂಘಗಳಿಗೆ ಅದು ಅನ್ವಯಿಸುವುದಿಲ್ಲ. ಅದು ಗೊತ್ತಿರುವ ಸದಸ್ಯರು ಹೆದರುವುದು ಸಹಜ, ಅವರನ್ನು ಬೈಯಬಾರದು. ಎಲ್ಲರೂ ಒಂದೇ ದಿನ ಠೇವಣಿ ವಾಪಸ್ ಕೇಳಿದರೆ ಗಟ್ಟಿ ಸಂಘವೂ ಅಲುಗಾಡುತ್ತದೆ.

ಇದಕ್ಕೆ ನಮ್ಮ ಹತ್ತಿರ ಇರುವ ಶಕ್ತಿ ಅಂದರೆ ಪಿಗ್ಮಿ ಏಜೆಂಟರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಈ ಪದ್ಧತಿ ಇವತ್ತಿಗೂ ನಮ್ಮಂಥ ಸಂಘಗಳನ್ನು ನಡೆಸುತ್ತಿದೆ. ದಿನಾ ಅಂಗಡಿ ಅಂಗಡಿಗೆ ಹೋಗುವ ಇವರಿಗೆ ಯಾರ ಮನೆ ಎಲ್ಲಿ, ಯಾರಿಗೆ ಆರಾಮಿಲ್ಲ, ಯಾರ ಮಗಳ ಮದುವೆ, ಎಲ್ಲ ಗೊತ್ತು. ನೆರೆಯಲ್ಲಿ ಒಬ್ಬೊಬ್ಬ ಏಜೆಂಟರಿಗೆ ಸಂತ್ರಸ್ತರು ಉಳಿಯುವ ಒಂದೊಂದು ಕಾಳಜಿ ಕೇಂದ್ರ ಹಂಚಿದ್ದೇವೆ. ಸಂಜೆ ಆರಕ್ಕೆ ಅಲ್ಲಿ ಹೋಗಿ ನಿಂತು ಮೂರು ಸಂಗತಿ ಹೇಳಬೇಕು. ರೊಕ್ಕ, ಬಂಗಾರ ಎಲ್ಲಿದೆ. ಕೌಂಟರ್ ಎಲ್ಲಿ, ಯಾವಾಗ ತೆರೆಯುತ್ತದೆ. ಮತ್ತೆ ಯಾವಾಗ ಬಂದು ಹೇಳುತ್ತೇನೆ. ಹೊಸ ಸುದ್ದಿ ಇಲ್ಲದಿದ್ದರೂ ಹೋಗಲೇಬೇಕು. ನಮ್ಮ ಹಿರಿಯ ಏಜೆಂಟರು ಹೇಳುವ ಮಾತು, "ಅಕ್ಕಾರ, ಮಾರಿ ಕಂಡ್ರ ಮಂದಿಗೆ ಧೈರ್ಯ." ನಾನು ಅದನ್ನು ಪೂರ್ತಿ ನಂಬುತ್ತೇನೆ.

ಸಿಬ್ಬಂದಿಯ ಮನೆಗೂ ನೀರು ಬರುತ್ತದೆ ಅನ್ನುವುದನ್ನು ಯೋಜನೆ ಬರೆಯುವವರು ಮರೆಯುತ್ತಾರೆ. ನಮ್ಮ ಕ್ಯಾಷಿಯರ್ ಇರುವುದು ಹೊಳೆ ಸಮೀಪದ ಓಣಿಯಲ್ಲಿ. ಅವರಿಗೆ ಆ ದಿನ ಯಾವ ಕೆಲಸವನ್ನೂ ಹಚ್ಚಿಲ್ಲ. ಮನೆಯವರನ್ನು, ದನಕರುಗಳನ್ನು ಎತ್ತರಕ್ಕೆ ಸೇರಿಸುವುದೇ ಅವರ ಕೆಲಸ ಅಂತ ಬರೆದಿದ್ದೇವೆ. ಎತ್ತರದಲ್ಲಿ ಇರುವವರು ಮಾತ್ರ ಆಫೀಸಿಗೆ ಬರಬೇಕು.

ವರ್ಷಕ್ಕೊಂದು ಸಲ ರಿಹರ್ಸಲ್ ಮಾಡುತ್ತೇವೆ. ಜಪಾನಿನಲ್ಲಿ 1923ರ ದೊಡ್ಡ ಭೂಕಂಪ ಆದ ಸೆಪ್ಟೆಂಬರ್ 1ರಂದು ಪ್ರತಿ ವರ್ಷ ಅಣಕು ಕಾರ್ಯಾಚರಣೆ ಮಾಡುತ್ತಾರೆ. ನಮ್ಮದು ರೋಹಿಣಿ ಮಳೆ ಮುಗಿದು ಮಿರಗ (ಮೃಗಶಿರ) ಕೂಡುವ ಮುಂಚಿನ ಶನಿವಾರ. ಮೇನ್ ಸ್ವಿಚ್ ಆಫ್. ಕಂಪ್ಯೂಟರ್ ಇಲ್ಲ, ಫೋನ್ ಇಲ್ಲ. ಒಂದು ಕೆಂಪು ಟ್ರಂಕು ಇದೆ. ಅದರಲ್ಲಿ ಪಾವತಿ ಪುಸ್ತಕ, ಸಂಘದ ಸಿಕ್ಕೆ (ಮೊಹರು), ಕ್ಯಾಲ್ಕುಲೇಟರ್, ಟಾರ್ಚು, ಕಾರ್ಬನ್ ಕಾಗದ, ಮತ್ತು ಯಾರ ಖಾತೆಯಲ್ಲಿ ಎಷ್ಟು ರೊಕ್ಕ ಇದೆ ಅಂತ ಪ್ರತಿ ಶನಿವಾರ ಪ್ರಿಂಟ್ ಹಾಕುವ ಯಾದಿ (ಪಟ್ಟಿ). ಆ ಟ್ರಂಕು ಹೊತ್ತುಕೊಂಡು ಎತ್ತರದ ಓಣಿಯಲ್ಲಿ ಸದಸ್ಯರೊಬ್ಬರು ಕೊಟ್ಟಿರುವ ಕೋಣೆಗೆ ಹೋಗಿ, ಮೇಜು ಹಾಕಿ, ನಿಜವಾದ ಸದಸ್ಯರಿಗೆ ನಿಜವಾದ ರೊಕ್ಕ ಕೊಡುತ್ತೇವೆ. ಮೊದಲ ರಿಹರ್ಸಲ್‌ನಲ್ಲಿ ಗೊತ್ತಾದದ್ದು: ಯಾದಿ ಖಾತೆ ನಂಬರಿನ ಪ್ರಕಾರ ಇತ್ತು, ಬಂದ ಸದಸ್ಯರಿಗೆ ಗೊತ್ತಿದ್ದದ್ದು ತಮ್ಮ ಹೆಸರು ಮಾತ್ರ. ಈಗ ಊರು, ಓಣಿ, ಹೆಸರಿನ ಪ್ರಕಾರ ತೆಗೆಯುತ್ತೇವೆ.

ಇಷ್ಟೆಲ್ಲಕ್ಕೂ ಸಭೆಯಲ್ಲಿ ಒಪ್ಪಿಗೆ ಸುಲಭವಾಗಿ ಸಿಕ್ಕಿತು. ಕಷ್ಟವಾದದ್ದು ಒಂದೇ ವಿಷಯ: ಪಾಸ್‌ಬುಕ್ ಇಲ್ಲದವರಿಗೂ, ಏಜೆಂಟರು ಮತ್ತು ಇನ್ನೊಬ್ಬ ಸದಸ್ಯರು ಗುರುತು ಹಿಡಿದರೆ, 5,000 ರೂಪಾಯಿವರೆಗೆ ಕೊಡಬೇಕು ಅನ್ನುವುದು. "ಯಾರಾದರೂ ಎರಡು ಸಲ ಒಯ್ದರೆ?" ಅಂತ ನಿರ್ದೇಶಕರೊಬ್ಬರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಕೊಟ್ಟ ಕೂಡಲೇ ಯಾದಿಯಲ್ಲಿ ಆ ಸಾಲು ಹೊಡೆದು ಹೆಬ್ಬೆರಳು ಗುರುತು ಹಾಕಿಸುತ್ತೇವೆ, ಯಾದಿ ಇರುವುದು ಒಂದೇ ಟ್ರಂಕಿನಲ್ಲಿ, ಹಾಗಾಗಿ ಎರಡು ಸಲ ಆಗುವುದು ಕಷ್ಟ ಅಂದೆ. ಅಷ್ಟಾಗಿಯೂ ಅಲ್ಲೊಂದು ಇಲ್ಲೊಂದು ತಪ್ಪಾದರೆ ಆ ನಷ್ಟ ಸಂಘ ತಡೆದುಕೊಳ್ಳುತ್ತದೆ. ನಮ್ಮ ಕೌಂಟರಿನಿಂದ ಖಾಲಿ ಕೈಯಲ್ಲಿ ಹೋದ ತಾಯಿ ಆ ವಾರ ಬಡ್ಡಿಯವರ ಹತ್ತಿರ ಹೋಗುತ್ತಾಳೆ, ಆ ಸಾಲ ವರ್ಷಗಟ್ಟಲೆ ತೀರುವುದಿಲ್ಲ ಅಂತಲೂ ಹೇಳಿದೆ. ಲೆಕ್ಕ ಪರಿಶೋಧಕರ ಅಭಿಪ್ರಾಯ ತೆಗೆದುಕೊಂಡು ಠರಾವು ಪಾಸಾಯಿತು.

ಒಂದು ಕೆಲಸ ಬಾಕಿ ಇದೆ. ಯಾದಿ ಒಂದೇ ಟ್ರಂಕಿನಲ್ಲಿ ಇರುವುದರಿಂದ ಸೇತುವೆಯ ಆಚೆ ಇರುವ ಹಳ್ಳಿಗಳ ಸದಸ್ಯರು ಇನ್ನೂ ಹೊರಗೇ ಉಳಿದಿದ್ದಾರೆ. ಅವರ ಹೆಸರುಗಳನ್ನು ಬೇರೆ ಯಾದಿ ಮಾಡಿ, ಆಚೆ ದಡದಲ್ಲಿ ಇನ್ನೊಂದು ಟ್ರಂಕು ಇಡಬೇಕು, ಅಲ್ಲಿ ಒಬ್ಬ ನೌಕರರಿಗೆ ಅಧಿಕಾರ ಕೊಡಬೇಕು. ಮುಂದಿನ ಸಭೆಯ ಅಜೆಂಡಾದಲ್ಲಿ ಅದನ್ನು ಹಾಕಿದ್ದೇನೆ.