ಸಿಲಿಕಾನ್ ಗನ್ ಬದಲಿಸಿದ ಮೇಲೆ

ಮಂಗಳೂರಿನ ಸುತ್ತಮುತ್ತ ಮನೆಗಳಿಗೆ ಅಲ್ಯೂಮಿನಿಯಂ ಮತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಕೂರಿಸುವುದು ನನ್ನ ಕೆಲಸ. ಇಲ್ಲಿ ನಾವು ಮಾಡಿದ ಕೆಲಸಕ್ಕೆ ಪರೀಕ್ಷೆ ಜೂನ್ ತಿಂಗಳಲ್ಲಿ. ಗಾಳಿಯ ಜೊತೆ ಅಡ್ಡಡ್ಡ ಬಡಿಯುವ ಮಳೆ, ಚೌಕಟ್ಟಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಸಿಕ್ಕಿದರೂ ಒಳಗೆ ಇಳಿಯುತ್ತದೆ. ಆ ಸಂದು ಮುಚ್ಚುವುದು ಸೀಲೆಂಟ್, ಅಂದರೆ ಟ್ಯೂಬಿನಲ್ಲಿ ಬರುವ ಸಿಲಿಕಾನ್‌ನಂಥ ಅಂಟು. ಅದನ್ನು ಹಾಕುವ ಗನ್ನಿನ ಬಗ್ಗೆ ನಾನು ಬಹಳ ವರ್ಷ ಯೋಚಿಸಿಯೇ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತಂದು ಹುಡುಗರ ಕೈಗೆ ಕೊಡುತ್ತಿದ್ದೆ.

ನನ್ನ ಜೊತೆ ಒಬ್ಬ ಹುಡುಗನಿದ್ದಾನೆ. ಅಳತೆ, ಡ್ರಿಲ್ಲಿಂಗ್ ಎಲ್ಲದರಲ್ಲೂ ಚುರುಕು. ಸಿಲಿಕಾನ್ ಹಾಕುವಾಗ ಮಾತ್ರ ಗೆರೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗುತ್ತಿತ್ತು. ಪ್ರತಿ ಮೂಲೆಯಲ್ಲೂ ಒಂದು ಗಂಟು. ‘ಕೈ ನಡುಗಿಸಬೇಡ’ ಎಂದು ಸುಮಾರು ಒಂದು ವರ್ಷ ಬೈದಿದ್ದೇನೆ. ಅವನು ಎದುರಾಡದೆ ಸಂಜೆ ಕುಳಿತು ಬ್ಲೇಡಿನಿಂದ ಗಂಟುಗಳನ್ನು ಕೆರೆಯುತ್ತಿದ್ದ. ಒಂದು ದಿನ ಅವನು ರಜೆಯಲ್ಲಿದ್ದಾಗ ಅದೇ ಗನ್ ನಾನು ಹಿಡಿದೆ. ಇಪ್ಪತ್ತು ವರ್ಷ ಪಳಗಿದ ನನ್ನ ಕೈಯಲ್ಲೂ ಅದೇ ಉಬ್ಬು, ಅದೇ ಗಂಟು.

ಟ್ಯೂಬಿನೊಳಗಿನ ಸಿಲಿಕಾನನ್ನು ಹಿಂದಿನಿಂದ ತಳ್ಳುವ ಗನ್ನಿನ ಕಂಬಿಯನ್ನು ಆಗ ಗಮನಿಸಿದೆ. ಅದಕ್ಕೆ ಗರಗಸದಂತೆ ಹಲ್ಲುಗಳಿದ್ದವು. ಟ್ರಿಗರ್ ಒತ್ತಿದಾಗ ಕಂಬಿ ಒಂದೊಂದೇ ಹಲ್ಲು ಜಿಗಿಯುತ್ತದೆ, ಸಿಲಿಕಾನ್ ಕೂಡ ಜಿಗಿದು ಜಿಗಿದು ಬರುತ್ತದೆ. ಕೈ ಬಿಟ್ಟರೂ ಟ್ಯೂಬಿನೊಳಗಿನ ಒತ್ತಡ ಇಳಿಯುವುದಿಲ್ಲ. ಕಂಬಿಯನ್ನು ತಿರುಗಿಸಿ ಹಲ್ಲು ಬಿಡಿಸುವವರೆಗೂ ಮೂತಿಯಿಂದ ಒಸರುತ್ತಲೇ ಇರುತ್ತದೆ. ಮೂಲೆಯ ಗಂಟಿಗೆ ಕಾರಣ ಅದೇ. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವ ಹೀರಿಕೊಂಡು. ನಮ್ಮ ಕರಾವಳಿಯ ಸೆಕೆಯಲ್ಲಿ ಹತ್ತು ಹದಿನೈದು ನಿಮಿಷಕ್ಕೆ ಮೇಲ್ಪದರ ಕಟ್ಟಿಬಿಡುತ್ತದೆ. ಮೊದಲ ಎಳೆತದಲ್ಲೇ ಗೆರೆ ಸರಿ ಬರದಿದ್ದರೆ ತಿದ್ದಲು ಹೆಚ್ಚು ಸಮಯವಿಲ್ಲ.

ಮರುದಿನ ಹುಡುಗನ ಹತ್ತಿರ ತಪ್ಪು ನನ್ನದೆಂದು ಹೇಳಿದೆ. ‘ಗನ್ ಮೊದಲಿನಿಂದಲೂ ಹಾಗೆಯೇ ಇತ್ತು ಅಣ್ಣ, ನೀವು ಕೊಟ್ಟದ್ದಲ್ಲವೇ ಎಂದು ಸುಮ್ಮನಿದ್ದೆ’ ಎಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಈಗ ನುಣುಪು ಕಂಬಿಯ ಗನ್ ಮಾತ್ರ ತರುತ್ತೇವೆ, ಅದರಲ್ಲೂ ಡ್ರಿಪ್‌ಲೆಸ್ (ಒಸರದ್ದು) ಎಂದು ಬರೆದಿರುವಂಥದ್ದು. ಟ್ರಿಗರ್ ಬಿಟ್ಟ ಕೂಡಲೇ ಕಂಬಿ ತಾನಾಗಿ ಸ್ವಲ್ಪ ಹಿಂದೆ ಸರಿದು ಒತ್ತಡ ಇಳಿಸುತ್ತದೆ. ಅಂಗಡಿಯಲ್ಲೇ ನೋಡಬಹುದು: ಕಂಬಿಯ ತುದಿಯ ಬಿಲ್ಲೆಯನ್ನು ಅಂಗೈಗೆ ಒತ್ತಿ ಹಿಡಿದು ಟ್ರಿಗರ್ ಎಳೆದು ಬಿಡಿ, ಬಿಲ್ಲೆ ಹಿಂದೆ ಜಾರಿದ್ದು ಕೈಗೆ ತಿಳಿಯುತ್ತದೆ. ಬಿಲ್ಲೆ ಓರೆಯಾಗಿದ್ದರೆ, ಕಂಬಿ ಅಲುಗಾಡುತ್ತಿದ್ದರೆ ಆ ಗನ್ ಬೇಡ. ಟ್ರಿಗರ್ ನಿಮ್ಮ ಬೆರಳಿಗೆ ಆರಾಮವಾಗಿ ಎಟುಕಬೇಕು, ಏಕೆಂದರೆ ಒಂದು ಮನೆಯ ಕಿಟಕಿಗಳಿಗೆ ಅದನ್ನು ನೂರಾರು ಸಲ ಎಳೆಯಬೇಕಾಗುತ್ತದೆ.

ಇನ್ನೊಂದು ವಿಷಯ ಒತ್ತುವ ಬಲ. ಒಳ್ಳೆಯ ಗನ್ನುಗಳ ಮೇಲೆ 10:1, 12:1, 18:1, 26:1 ಎಂದು ಬರೆದಿರುತ್ತದೆ. ಕೈಯ ಬಲವನ್ನು ಗನ್ ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ ಅದು. ಬಣ್ಣ ಬಳಿಯಬಹುದಾದ ಅಕ್ರಿಲಿಕ್ ಸೀಲೆಂಟಿಗೂ ಸಾಮಾನ್ಯ ಸಿಲಿಕಾನಿಗೂ 10 ಅಥವಾ 12 ಸಾಕು. ಹೊರಗೋಡೆಗೆ ಹಾಕುವ ಪಾಲಿಯುರಿಥೇನ್ ಅಂಟು ಬೆಲ್ಲದ ಪಾಕದಷ್ಟು ಗಟ್ಟಿ. ಅದಕ್ಕೆ 18 ಅಥವಾ ಅದಕ್ಕಿಂತ ಹೆಚ್ಚು ಬೇಕು. ಸಾದಾ ಗನ್ನಿನಲ್ಲಿ ಅದನ್ನು ಒತ್ತಲು ಹೋಗಿ ನಾವು ಎರಡು ಕಂಬಿ ಬಗ್ಗಿಸಿದ್ದೇವೆ. ಆದರೆ ಹೆಚ್ಚು ಬಲದ ಗನ್ನಿನಲ್ಲಿ ಒಂದು ಎಳೆತಕ್ಕೆ ಕಂಬಿ ಮುಂದೆ ಹೋಗುವುದು ಕಡಿಮೆ, ಕೆಲಸ ನಿಧಾನ. ಮನೆಯಲ್ಲಿ ಸಿಂಕಿನ ಅಂಚು, ಬಚ್ಚಲ ಮೂಲೆ ಮುಚ್ಚಿಕೊಳ್ಳುವವರಿಗೆ ದೊಡ್ಡ ಸಂಖ್ಯೆಯ ಅಗತ್ಯವಿಲ್ಲ. 280ರಿಂದ 310 ಮಿಲಿಲೀಟರ್ ಟ್ಯೂಬ್ ಹಿಡಿಸುವ 12:1 ಗನ್ ಧಾರಾಳವಾಗಿ ಸಾಕು.

ಟ್ಯೂಬಿನ ಮೂತಿಯನ್ನು ಸಂದಿನ ಅಗಲಕ್ಕಿಂತ ದೊಡ್ಡದಾಗಿ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ. ನಮ್ಮ ಉಪ್ಪುಗಾಳಿಗೆ ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದರೆ ನುಣುಪು ಕಂಬಿಯೂ ತಡೆತಡೆದು ಸರಿಯುತ್ತದೆ. ಹಾಗಾಗಿ ಸಂಜೆ ಒಣಬಟ್ಟೆಯಲ್ಲಿ ಒರೆಸಿಯೇ ಪೆಟ್ಟಿಗೆಗೆ ಹಾಕುವುದು.

ಈಗ ಗನ್ ಕೊಳ್ಳಲು ಹುಡುಗನೇ ಹೋಗುತ್ತಾನೆ. ಕಳೆದ ಸಲ ಮೂರು ಗನ್ ಅಂಗೈಗೆ ಒತ್ತಿ ನೋಡಿ, ಎರಡನ್ನು ಅಂಗಡಿಯವರ ಮೇಜಿನ ಮೇಲೆಯೇ ಬಿಟ್ಟು ಬಂದ.