ಅಷ್ಟು ಹಟಮಾರಿ ಸ್ಲೈಡ್ ಫಿಲ್ಮ್ ವೃತ್ತಿಪರರಿಗೆ ಯಾಕೆ ಬೇಕಿತ್ತು?

ಫಿಲ್ಮ್ ಕ್ಯಾಮೆರಾ ಹಿಡಿದ ಹೊಸಬರು ನನ್ನನ್ನು ಕೇಳುವುದು ಇದನ್ನೇ: ಕಲರ್ ನೆಗೆಟಿವ್‌ನಲ್ಲಿ ಬೆಳಕು ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ, ಸ್ಲೈಡ್‌ನಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಗೊತ್ತಾಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟಾಗುವುದು ಅಥವಾ ಅರ್ಧಕ್ಕಿಳಿಯುವುದು). ಹಾಗಿದ್ದೂ ಪತ್ರಿಕೆ, ಜಾಹೀರಾತಿನ ಫೋಟೋಗ್ರಾಫರ್‌ಗಳು ಸ್ಲೈಡನ್ನೇ ಯಾಕೆ ಬಳಸುತ್ತಿದ್ದರು?

ಬಣ್ಣದ ವಿಷಯದಲ್ಲಿ ತಕರಾರು ಬೇಡ ಅಂತ. ನೆಗೆಟಿವ್ ಅಂದರೆ ಬಣ್ಣಗಳೆಲ್ಲ ತಿರುವುಮುರುವಾಗಿರುವ ಕಿತ್ತಳೆ ಬಣ್ಣದ ಪಟ್ಟಿ. ಆಕಾಶ ಎಷ್ಟು ನೀಲಿ ಅನ್ನುವುದನ್ನು ಪ್ರಿಂಟ್ ಹಾಕುವವರು ತೀರ್ಮಾನಿಸುತ್ತಾರೆ. ಸ್ಲೈಡ್ ಹಾಗಲ್ಲ. ಕ್ಯಾಮೆರಾದೊಳಗೆ ಇದ್ದ ಫಿಲ್ಮೇ ತೊಳೆದ ಮೇಲೆ ಚಿತ್ರವಾಗಿ ಕೈಗೆ ಬರುತ್ತದೆ. ಸಂಪಾದಕರು ಅದನ್ನು ಅಡಿಯಿಂದ ಬೆಳಕು ಬರುವ ಲೈಟ್ ಬಾಕ್ಸ್ ಮೇಲಿಟ್ಟು, ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಹಚ್ಚಿ ನೋಡಿ ಆರಿಸುತ್ತಿದ್ದರು. ಮುದ್ರಣದವರೂ ಅದನ್ನೇ ಪಕ್ಕದಲ್ಲಿಟ್ಟುಕೊಂಡು ಬಣ್ಣ ಹೊಂದಿಸುತ್ತಿದ್ದರು.

ಅದಕ್ಕೆ ತೆರಬೇಕಾದ ಬೆಲೆ ಎಕ್ಸ್‌ಪೋಷರ್, ಅಂದರೆ ಫಿಲ್ಮಿಗೆ ಬೀಳುವ ಬೆಳಕಿನ ಅಳತೆ. ಸ್ಲೈಡ್ ಸುಮಾರು 5 ಸ್ಟಾಪ್‌ನಷ್ಟು ಬೆಳಕಿನ ಅಂತರವನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಅರ್ಧರ್ಧ ಸ್ಟಾಪ್ ಏರಿಸುತ್ತಾ ತೆಗೆದ ಮೂರು ಫ್ರೇಮ್‌ಗಳನ್ನು ಲೂಪ್‌ನಲ್ಲಿ ನೋಡಿ. ಮೊದಲನೆಯದರಲ್ಲಿ ಬಿಳಿ ಅಂಗಿಯ ನೇಯ್ಗೆ ಕಾಣುತ್ತದೆ. ಎರಡನೆಯದರಲ್ಲಿ ಮಡಿಕೆ ಮಾತ್ರ. ಮೂರನೆಯದರಲ್ಲಿ ಏನೂ ಇಲ್ಲ, ಖಾಲಿ ಪ್ಲಾಸ್ಟಿಕ್! ಅದನ್ನು ಯಾವ ಸ್ಕ್ಯಾನರ್ ಕೂಡ ವಾಪಸ್ ತರಲಾರದು. ಅದಕ್ಕೇ ಲ್ಯಾಬ್‌ಗಳಲ್ಲಿ ಕ್ಲಿಪ್ ಟೆಸ್ಟ್ ಅಂತ ಇತ್ತು. ರೋಲ್‌ನ ತುದಿಯಿಂದ ಕೆಲವು ಫ್ರೇಮ್ ಕತ್ತರಿಸಿ ಮೊದಲು ತೊಳೆಯುವುದು. ಕಪ್ಪಾಗಿ ಬಂದರೆ ಉಳಿದದ್ದನ್ನು ಮೊದಲ ಡೆವಲಪರ್‌ನಲ್ಲಿ (ಫಿಲ್ಮ್ ತೊಳೆಯುವ ಮೊದಲ ರಾಸಾಯನಿಕ) ಜಾಸ್ತಿ ಹೊತ್ತು ಬಿಡುವುದು. ಕತ್ತರಿ ಬಿದ್ದ ಜಾಗದ ಫ್ರೇಮ್ ಹೋಯಿತು ಅಂತಲೇ ಲೆಕ್ಕ.

ಡಬ್ಬಿಯ ಮೇಲೆ 'ಪ್ರೊಫೆಷನಲ್' ಅಂತ ಬರೆದಿರುತ್ತಿತ್ತಲ್ವಾ, ಅದು ಸುಮ್ನೆ ಅಲ್ಲ. ದಿನ ಕಳೆದಂತೆ ಫಿಲ್ಮಿನ ಬಣ್ಣ ನಿಧಾನವಾಗಿ ವಾಲುತ್ತದೆ. ಸಾಮಾನ್ಯ ಫಿಲ್ಮ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ ಅಂತ ಗೊತ್ತಿದ್ದು, ಅದನ್ನು ದೋರೆಗಾಯಿಯಂತೆ ಕಾರ್ಖಾನೆಯಿಂದ ಕಳಿಸುತ್ತಿದ್ದರು. ಪ್ರೊಫೆಷನಲ್ ಫಿಲ್ಮ್ ಹದಕ್ಕೆ ಬಂದೇ ಹೊರಡುತ್ತಿತ್ತು, ಫ್ರಿಜ್‌ನಲ್ಲೇ ಇಡಬೇಕಿತ್ತು. ಜಾಹೀರಾತಿನವರು ಒಂದೇ ಬ್ಯಾಚ್ ನಂಬರಿನ ರೋಲ್‌ಗಳನ್ನು ಒಟ್ಟಿಗೆ ಕೊಂಡು, ಒಂದನ್ನು ಪರೀಕ್ಷಿಸಿ, ಉಳಿದವಕ್ಕೆ ಯಾವ ಫಿಲ್ಟರ್ ಬೇಕೆಂದು ಗುರುತು ಹಾಕಿಕೊಳ್ಳುತ್ತಿದ್ದರು.

ಇದರ ಬೆನ್ನಿಗೇ ಬರುವ ಪ್ರಶ್ನೆ, 'ಹಾಗಾದರೆ ಈಗ ನಾನೂ ಸ್ಲೈಡ್ ಹಾಕಲಾ?' ಕೊಡಾಕ್ ಕಂಪನಿಯ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಅಂತೂ ಮುಗಿದ ಕತೆ. 2009ರಲ್ಲಿ ತಯಾರಿಕೆ ನಿಂತಿತು, 2010ರ ಕೊನೆಗೆ ಅದನ್ನು ತೊಳೆಯುವ ಕೊನೆಯ ಲ್ಯಾಬೂ ಕೈಬಿಟ್ಟಿತು. ಅದೇ ಕಂಪನಿಯ ಇನ್ನೊಂದು ಸ್ಲೈಡ್ ಫಿಲ್ಮ್ ಎಕ್ಟಾಕ್ರೋಮ್ 2018ರಲ್ಲಿ ಮತ್ತೆ ಬಂತು. ಅದನ್ನು 1976ರ ಇ-6 ವಿಧಾನದಲ್ಲೇ ತೊಳೆಯುತ್ತಾರೆ. ಆದರೆ ಸ್ಕ್ಯಾನ್ ಮಾಡಿ ಫೋನಿನಲ್ಲಿ ನೋಡುವುದಷ್ಟೇ ನಿಮ್ಮ ಉದ್ದೇಶವಾದರೆ ನೆಗೆಟಿವ್ ಸಾಕು. ಪ್ರೊಜೆಕ್ಟರೋ ಲೈಟ್ ಬಾಕ್ಸೋ ಇದ್ದರೆ ಮಾತ್ರ ಸ್ಲೈಡ್ ಹಾಕಿ.