ಎಫ್‌ಐಆರ್ ಪ್ರತಿ: ಠಾಣೆಯಿಂದ ಹೊರಡುವ ಮೊದಲೇ ಕೈಗೆ ಬರಬೇಕಾದ ಕಾಗದ

ಕಾನೂನು ನೆರವು ಕೇಳಿ ಬರುವವರಲ್ಲಿ ಅನೇಕರು ‘ಎಫ್‌ಐಆರ್ ಆಗಿದೆ’ ಎಂದು ಮುಂದಿಡುವ ಕಾಗದ ಎಫ್‌ಐಆರ್ ಆಗಿರುವುದೇ ಇಲ್ಲ. ಅದು ಅರ್ಜಿ ತಲುಪಿದ್ದಕ್ಕೆ ಕೊಟ್ಟ ಸ್ವೀಕೃತಿ, ಇಲ್ಲವೇ ಠಾಣೆ ಬರೆದುಕೊಟ್ಟ ಉತ್ತರವಾದ ಹಿಂಬರಹ, ಇಲ್ಲವೇ ಎನ್‌ಸಿಆರ್, ಅಂದರೆ ಅಸಂಜ್ಞೇಯ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ) ಅಪರಾಧದ ವರದಿ. ಕಳವಾದ ಗಾಡಿಗೆ ವಿಮೆ ಕೇಳಲು ಹೋದಾಗ ಈ ವ್ಯತ್ಯಾಸ ಗೊತ್ತಾದರೆ ಅಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಕಾಗದದ ಮೇಲ್ಭಾಗದಲ್ಲಿ ‘ಪ್ರಥಮ ವರ್ತಮಾನ ವರದಿ’ ಎಂದಿರಬೇಕು. ಅಪರಾಧ ಸಂಖ್ಯೆ, ವರ್ಷ, ಕಾಯ್ದೆ, ಕಲಂ ಇರಬೇಕು. ಎನ್‌ಸಿಆರ್ ಆಗಿದ್ದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಅದನ್ನು ಹಿಡಿದುಕೊಂಡು ತನಿಖೆಗಾಗಿ ಕಾಯುವುದು ವ್ಯರ್ಥ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(2) ಈ ವಿಷಯದಲ್ಲಿ ಸ್ಪಷ್ಟವಾಗಿದೆ: ದಾಖಲಿಸಿದ ಮಾಹಿತಿಯ ಪ್ರತಿಯನ್ನು ಕೂಡಲೇ, ಉಚಿತವಾಗಿ, ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154(2)ರಲ್ಲಿ ಸಂತ್ರಸ್ತರ ಹೆಸರಿರಲಿಲ್ಲ. ‘ನಾಳೆ ಬನ್ನಿ’, ‘ಸಾಹೇಬರು ಸಹಿ ಹಾಕಬೇಕು’, ‘ಜೆರಾಕ್ಸ್ ಖರ್ಚು ಕೊಡಿ’ ಎನ್ನುವುದಕ್ಕೆ ಇಲ್ಲಿ ಜಾಗವಿಲ್ಲ.

ಹೆಚ್ಚಿನವರು ಎಡವುವುದು ಸಹಿಯ ಹಂತದಲ್ಲಿ. ಎಫ್‌ಐಆರ್ ನಮೂನೆಯ ಕೊನೆಯಲ್ಲಿ, ಓದಿ ಹೇಳಲಾಯಿತು, ಸರಿಯಾಗಿದೆ ಎಂದು ಒಪ್ಪಿದರು, ಪ್ರತಿಯನ್ನು ಉಚಿತವಾಗಿ ಕೊಡಲಾಯಿತು ಎಂಬರ್ಥದ ಸಾಲು ಅಚ್ಚಾಗಿರುತ್ತದೆ. ಅದರ ಕೆಳಗೆ ಸಹಿ ಹಾಕಿ ಬರಿಗೈಯಲ್ಲಿ ಹೊರಬಂದರೆ, ಪ್ರತಿ ಸಿಕ್ಕಿದೆ ಎಂದು ನೀವೇ ಬರೆದುಕೊಟ್ಟಂತೆ. ಓದಿ, ಪ್ರತಿ ಪಡೆದು, ಆಮೇಲೆ ಸಹಿ ಮಾಡಿ. ಓದುವಾಗ ಘಟನೆಯ ದಿನಾಂಕ ಮತ್ತು ಸಮಯ, ಠಾಣೆಗೆ ಮಾಹಿತಿ ಬಂದ ಸಮಯ, ತಡವಾಗಿದ್ದರೆ ಅದರ ಕಾರಣ, ಗಾಡಿಯ ನೋಂದಣಿ, ಚಾಸಿ, ಎಂಜಿನ್ ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿ. ಒಮ್ಮೆ ದಾಖಲಾದ ಎಫ್‌ಐಆರ್ ಅನ್ನು ತಿದ್ದುವುದಿಲ್ಲ. ತಪ್ಪಿದ್ದರೆ ತನಿಖಾಧಿಕಾರಿಯ ಮುಂದೆ ಮರುಹೇಳಿಕೆ ಕೊಡಬೇಕಾಗುತ್ತದೆ. ನೀವು ಬರೆದುಕೊಟ್ಟ ದೂರು ಎಫ್‌ಐಆರ್‌ಗೆ ಲಗತ್ತಾಗಿದ್ದರೆ ಆ ಪುಟಗಳನ್ನೂ ಕೇಳಿ ಪಡೆಯಿರಿ. ಮುಂದೆ ವಾದ ನಡೆಯುವುದು ಆ ಪುಟಗಳ ಮಾತಿನ ಮೇಲೆಯೇ.

ಇಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲಿ ದೂರು ಕಳಿಸಿದವರು ಮೂರು ದಿನದೊಳಗೆ ಸಹಿ ಹಾಕಿದರೆ ಮಾತ್ರ ಅದು ದಾಖಲೆಗೆ ಹೋಗುತ್ತದೆ. ಇದನ್ನು ಮರೆತವರಿಗೆ ಪ್ರತಿ ಸಿಗದಿರುವುದಕ್ಕೆ ಕಾರಣ ಸರಳ: ಎಫ್‌ಐಆರೇ ಹುಟ್ಟಿರುವುದಿಲ್ಲ. ಝೀರೋ ಎಫ್‌ಐಆರ್ (ಘಟನೆ ತನ್ನ ವ್ಯಾಪ್ತಿಯದಲ್ಲದಿದ್ದರೂ ಠಾಣೆ ದಾಖಲಿಸಿ, ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುವ ಎಫ್‌ಐಆರ್) ಆಗಿದ್ದರೆ ಅದರ ಪ್ರತಿಯನ್ನೂ, ವರ್ಗವಾದ ಠಾಣೆಯಲ್ಲಿ ಬಿದ್ದ ಹೊಸ ಸಂಖ್ಯೆಯನ್ನೂ ಇಟ್ಟುಕೊಳ್ಳಿ.

ಪ್ರತಿ ಕೊಡದಿದ್ದರೆ ಬಾಯಿಮಾತಿನ ಜಗಳ ಬೇಡ. ಕಲಂ 173(2) ನಮೂದಿಸಿ ಎರಡು ಪ್ರತಿಗಳಲ್ಲಿ ಮನವಿ ಬರೆದು, ಒಂದರ ಮೇಲೆ ಠಾಣೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕದಿದ್ದರೆ ಅದೇ ಮನವಿಯನ್ನು ಎಸ್‌ಪಿಯವರಿಗೆ, ಕಮಿಷನರೇಟ್ ಇರುವಲ್ಲಿ ಡಿಸಿಪಿಯವರಿಗೆ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಈ ನಡುವೆ ಪೊಲೀಸ್ ವೆಬ್‌ಸೈಟ್ ಕೂಡ ನೋಡಿ: 2016ರ ಸೆಪ್ಟೆಂಬರ್ 7ರ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದಿದೆ. ಸಂಪರ್ಕದ ತೊಂದರೆ ಇದ್ದರೆ 48, ದುರ್ಗಮ ಪ್ರದೇಶದಲ್ಲಿ ಗರಿಷ್ಠ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ), ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಇದು ಅನ್ವಯಿಸದು. ಆದರೆ ಜಾಲತಾಣದಲ್ಲಿ ಹಾಕದಿರುವುದು ಬೇರೆ, ದೂರುದಾರರಿಗೇ ಪ್ರತಿ ಕೊಡದಿರುವುದು ಬೇರೆ. ಅಂಥ ಪ್ರಕರಣದಲ್ಲೂ 173(2)ರ ಹಕ್ಕು ಹಾಗೇ ಇರುತ್ತದೆ. ಸಂತ್ರಸ್ತೆಯ ಗುರುತು ಬಯಲಾಗುವಂತೆ ಆ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಮಾತ್ರ ಅಪರಾಧ.

ಆರೋಪಿಗೂ ಅದೇ ತೀರ್ಪು ದಾರಿ ಕೊಟ್ಟಿದೆ. ಅವರು ಅಥವಾ ಅವರ ಪ್ರತಿನಿಧಿ ನಿಗದಿತ ಶುಲ್ಕದೊಂದಿಗೆ ಠಾಣೆಗೋ ಎಸ್‌ಪಿಗೋ ಅರ್ಜಿ ಹಾಕಿದರೆ 24 ಗಂಟೆಯೊಳಗೆ, ನ್ಯಾಯಾಲಯಕ್ಕೆ ಹಾಕಿದರೆ ಎರಡು ಕೆಲಸದ ದಿನಗಳೊಳಗೆ ದೃಢೀಕೃತ ಪ್ರತಿ ಸಿಗಬೇಕು. ನಿರೀಕ್ಷಣಾ ಜಾಮೀನಿಗೆ ಓಡಾಡುವ ಕುಟುಂಬಕ್ಕೆ ಈ ಗಂಟೆಗಳ ಬೆಲೆ ದೊಡ್ಡದು.

ಆರ್‌ಟಿಐ ಅರ್ಜಿಯನ್ನು ಮೊದಲ ಹೆಜ್ಜೆಯಾಗಿ ಇಡಬೇಡಿ. ಅದಕ್ಕೆ 30 ದಿನಗಳ ಅವಧಿಯಿದೆ, ತನಿಖೆಗೆ ಅಡ್ಡಿ ಎಂದು ಕಲಂ 8(1)(ಎಚ್) ತೋರಿಸಿ ತಿರಸ್ಕರಿಸುವುದೂ ಉಂಟು. ನಿಮ್ಮ ಹಳೆಯ ಅರ್ಜಿಯ ಮೇಲೆ ಠಾಣೆ ಏನು ಕ್ರಮ ಕೈಗೊಂಡಿತು ಎಂಬುದರ ಕಡತ ಬೇಕಾದಾಗ ಅದನ್ನು ಬಳಸಿ.